ಮೊದಲು ಒಳಮಗ್ಗುಲು ನೋಡು

ಪುಟ್ಟೀ,

ಹೋದ ಭಾನುವಾರ ಕೊರಿಯರ್ ಪೊಟ್ಟಣ ಎದೆಗೊತ್ತಿಕೊಂಡು ಬಂದವಳ ಮುಂದೆ ನಾನು ಹಾಗೆ ನಗಬಾರದಿತ್ತು. ನೀನು ಅರ್ಧ ಲೋಟ ಕಾಫಿ ಬಿಟ್ಟು ಎದ್ದುಹೋದೆ. ಆ ಲೋಟ ತೊಳೆಯುವಾಗ ನನಗೂ ಕಸಿವಿಸಿಯಾಯಿತು. ‘ವಿಂಟೇಜ್ ಮೈಸೂರ್ ಸಿಲ್ಕ್, ಅಜ್ಜಿ ಕಾಲದ್ದು’ ಎಂದು ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಬರೆದದ್ದನ್ನು ನಂಬಿ ಮೊದಲ ಸಂಬಳದಲ್ಲಿ 3,500 ರೂಪಾಯಿ ಕಳಿಸಿದ್ದೀಯ. ಅಸಲಿ ಅಜ್ಜಿ ಎರಡು ಬೀದಿ ಆಚೆಗೇ ಇದ್ದಾಳೆ, ಅವಳನ್ನು ಒಂದು ಮಾತು ಕೇಳಲಿಲ್ಲ. ನಾನು ಮಾಡಿದ್ದು ಇಷ್ಟೇ: ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ದೇವರ ಮನೆಯ ದೀಪಕ್ಕೆ ಹಿಡಿದೆ. ಅದು ಮುದುರಿ, ಕರಗಿ, ಸಾಸಿವೆಕಾಳಿನಷ್ಟು ಗಟ್ಟಿ ಗುಂಡಾಗಿ ನಿಂತಿತು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು, ಬೂದಿ ಬೆರಳಲ್ಲಿ ಪುಡಿಯಾಗಬೇಕಿತ್ತು. ಅಂಗಡಿಯವರು ಇಂಥದಕ್ಕೆ ‘ಸೆಮಿ ಕ್ರೇಪ್’ ಎನ್ನುತ್ತಾರೆ. ನಾವು ಸಿಂಥೆಟಿಕ್ ಎನ್ನುತ್ತಿದ್ದೆವು.

ನಕ್ಕದ್ದಕ್ಕೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತು. ನಿನ್ನ ಪೀಜಿಯ ಗೆಳತಿಯರಿಗೂ ಓದಿ ಹೇಳು. ಕೃಷ್ಣಮೂರ್ತಿಪುರಂನ ಈ ಮನೆಯ ಹಜಾರದಲ್ಲಿ ಮೂವತ್ತನಾಲ್ಕು ವರ್ಷ ಹೊಲಿಗೆ ಮಷೀನು ತುಳಿದವಳು ನಾನು. ಶಾರದಾ ವಿಲಾಸ ಕಾಲೇಜಿನ ಹುಡುಗಿಯರ ಚೂಡಿದಾರದಿಂದ ಹಿಡಿದು ಅವರ ಅಮ್ಮಂದಿರ ರವಿಕೆಯವರೆಗೆ ಎಷ್ಟು ಬಟ್ಟೆ ಈ ಕೈ ದಾಟಿದೆಯೋ ಲೆಕ್ಕವಿಟ್ಟಿಲ್ಲ. ಅರ್ಧಕ್ಕರ್ಧ ಹಳೆಯ ಬಟ್ಟೆಗಳೇ. ಅಕ್ಕನದನ್ನು ತಂಗಿಗೆ ಹಿಡಿಸುವುದು, ಅಪ್ಪನ ಪ್ಯಾಂಟಿನಿಂದ ಮಗನ ಚಡ್ಡಿ ಹೊರಡಿಸುವುದು, ಶರಟಿನ ಕಾಲರ್ ಸವೆದರೆ ಬಿಚ್ಚಿ, ಮಗುಚಿ, ಸವೆಯದ ಮಗ್ಗುಲನ್ನು ಮೇಲೆ ಮಾಡಿ ಮತ್ತೆ ಕೂರಿಸುವುದು. ಕಾಲರ್ ತಿರುಗಿಸಿದ ಶರಟು ಇನ್ನೂ ಎರಡು ವರ್ಷ ಆಫೀಸಿಗೆ ಹೋಗಿಬರುತ್ತಿತ್ತು. ಇವತ್ತು ಅದನ್ನು ಕೇಳಿಕೊಂಡು ಬರುವವರೇ ಇಲ್ಲ.

ಮೈಸೂರು ಸಿಲ್ಕಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಅದು ನಮ್ಮೂರಿನ ಮರ್ಯಾದೆಯ ಪ್ರಶ್ನೆ. ನೀನಿರುವ ಕಡೆಯಿಂದ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಗೆ ನಡೆದುಕೊಂಡೇ ಹೋಗಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳಿಂದ ಶುರುವಾದದ್ದು. ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. ಅವರ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ. ಹೊಸ ಸೀರೆಗೆ ಜನ ಬೆಳಗಿನ ಜಾವವೇ ಮಳಿಗೆ ಮುಂದೆ ಸಾಲು ನಿಲ್ಲುವ ಕಾಲ ಇದು. ಅಂಥ ಸೀರೆ ಹಳತಾದ ಮಾತ್ರಕ್ಕೆ ನೀನು ಕೊಟ್ಟ ಬೆಲೆಗೆ ಬರುತ್ತದೆಯೇ? ಬರಿಯ ಜರಿಯ ತೂಕ ನೋಡಿಯೇ ಕೊಂಡುಹೋಗುವವರು ಊರಲ್ಲಿ ಇದ್ದಾರೆ.

ಮುಂದೆ ಯಾರಾದರೂ ಫೋನಿನಲ್ಲಿ ಹಳೇ ಮೈಸೂರು ಸಿಲ್ಕ್ ತೋರಿಸಿದರೆ, ಸೆರಗು ಹರಡಿದ ಫೋಟೋ ಬೇಡ ಅನ್ನು. ಅಂಚಿನ ಹಿಂಭಾಗದ ಫೋಟೋ ಹತ್ತಿರದಿಂದ ತೆಗೆದು ಕಳಿಸಿ ಎನ್ನು. ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ವಿಡಿಯೋ ಕಳಿಸಿ ಎನ್ನು. ರೇಷ್ಮೆಯ ವಯಸ್ಸು ತಿಳಿಯುವುದು ಮಡಿಕೆಯಲ್ಲೇ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿ ಕೂತ ಸೀರೆ ಆ ಗೆರೆಯ ಉದ್ದಕ್ಕೂ ಸೀಳುತ್ತದೆ. ಮುಟ್ಟುವವರೆಗೆ ಚೆನ್ನಾಗಿರುತ್ತದೆ, ಉಟ್ಟು ಕೂತರೆ ಚರ್ರೆನ್ನುತ್ತದೆ. ಸೀರೆ ಕೈಗೆ ಸಿಕ್ಕಿದರೆ ಜರಿಯನ್ನು ಹಿಂಬದಿಯಲ್ಲಿ ಉಗುರಿನಿಂದ ಮೆಲ್ಲಗೆ ಕೆರೆ. ಬೆಳ್ಳಿಯ ತಗಡಿನ ಒಳಗಿಂದ ಕೆಂಪು ರೇಷ್ಮೆ ಎಳೆ ಇಣುಕಿದರೆ ಭರವಸೆ ಇಡಬಹುದು. ಬಿಳಿ ನೂಲೋ ಪ್ಲಾಸ್ಟಿಕ್ಕಿನ ಮಿರುಗೋ ಕಂಡರೆ ಮಡಚಿ ವಾಪಸು ಕೊಡು. ಇಷ್ಟಕ್ಕೆಲ್ಲ ಒಪ್ಪದ ಮಾರಾಟಗಾರರು ‘ಬೇರೆಯವರು ಕೇಳುತ್ತಿದ್ದಾರೆ, ಬೇಗ ಹೇಳಿ’ ಎಂದು ಅವಸರ ಮಾಡುತ್ತಾರಂತಲ್ಲ, ಕೇಳುವವರಿಗೇ ಕೊಡಲಿ ಬಿಡು.

ಜರಿಯ ತೂಕ ಎಂದೆನಲ್ಲ. 1984ರಲ್ಲಿ ನಮ್ಮಪ್ಪ ಆಸ್ಪತ್ರೆ ಸೇರಿದಾಗ ಬೀದಿಯಲ್ಲಿ ‘ಹಳೇ ಜರಿ ಸೀರೇ...’ ಎಂದು ಕೂಗಿಕೊಂಡು ಹೋಗುತ್ತಿದ್ದವನನ್ನು ಅಮ್ಮನೇ ಕರೆದಳು. ಅವಳ ಧಾರೆ ಸೀರೆ, ಹಸಿರು ಒಡಲು, ಅಂಗೈ ಅಗಲದ ಜರಿ ಅಂಚು. ಅವನು ಹಜಾರದಲ್ಲಿ ಕೂತು ಕತ್ತರಿ ತೆಗೆದು ಎರಡೂ ಅಂಚನ್ನು ಉದ್ದಕ್ಕೆ ಕತ್ತರಿಸಿದ. ಸೆರಗನ್ನೂ ಬಿಡಲಿಲ್ಲ. ತಕ್ಕಡಿಯಲ್ಲಿ ತೂಗಿ, ದುಡ್ಡು ಎಣಿಸಿ, ಒಡಲನ್ನು ಮಡಚಿ ಅಮ್ಮನ ಕೈಗೆ ಕೊಟ್ಟು ಹೋದ. ಅಂಚನ್ನು ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ, ಸುಟ್ಟು ಬೆಳ್ಳಿ ತೆಗೆಯುತ್ತಾರೆ ಎಂದ. ಉಳಿದ ಒಡಲಿನಲ್ಲಿ ನಾನು ನಿನ್ನ ಅಮ್ಮನಿಗೆ ಲಂಗ ಹೊಲಿದೆ. ಅವಳಿಗಾಗ ಎಂಟು ವರ್ಷ. ಹಾಗಾಗಿ ‘ವಿಂಟೇಜ್’ ಎಂಬ ಮಾತು ಕೇಳಿದರೆ ನನಗೆ ಮೊದಲು ಕೇಳಿಸುವುದು ಆ ಕತ್ತರಿಯ ಸದ್ದು. ಹಳೆಯ ಸೀರೆ ಮಾರಾಟಕ್ಕೆ ಬಂದಿದೆ ಎಂದರೆ ಅದರ ಹಿಂದೆ ಸಂತೋಷವೇ ಇರಬೇಕೆಂದಿಲ್ಲ. ಒಂದು ಸಾವೋ ಸಾಲವೋ ಮನೆ ಖಾಲಿ ಮಾಡಿದ್ದೋ ಇರಬಹುದು. ಅದನ್ನು ಕೆದಕಬೇಡ. ಚೌಕಾಸಿಗೆ ಇಳಿಯುವಾಗ ಮಾತ್ರ ನೆನಪಿರಲಿ.

ಈಗ ದಿನಬಳಕೆಯ ಬಟ್ಟೆಗೆ ಬರುತ್ತೇನೆ. ರಾಶಿಯೊಳಗಿಂದ ಆರಿಸುವಾಗ ನೀನು ಏನು ಮಾಡುತ್ತೀಯ ಎಂದು ನೋಡಿದ್ದೇನೆ. ಬಣ್ಣ ನೋಡಿ ಎಳೆಯುತ್ತೀಯ, ಮೈಗೆ ಹಿಡಿದು ಗೆಳತಿಯನ್ನು ಕೇಳುತ್ತೀಯ, ಅಷ್ಟೇ. ನಾನಾದರೆ ಮೊದಲು ಮಗುಚುತ್ತೇನೆ. ಹೊರಮಗ್ಗುಲು ಗಿರಾಕಿಗೆ ಹೊಲಿದದ್ದು, ಒಳಮಗ್ಗುಲಲ್ಲಿ ದರ್ಜಿ ಸಿಕ್ಕಿಬೀಳುತ್ತಾನೆ. ಹೊಲಿಗೆಯ ಪಕ್ಕದಲ್ಲಿ ಎಷ್ಟು ಬಟ್ಟೆ ಒಳಗೆ ಬಿಟ್ಟಿದ್ದಾರೆ ನೋಡು. ಅರ್ಧ ಇಂಚು, ಮುಕ್ಕಾಲು ಇಂಚು ಬಿಟ್ಟಿದ್ದರೆ ನಿನ್ನ ಅಳತೆಗೆ ಬಿಚ್ಚಿ ಹಿಡಿಸಬಹುದು. ಹಳೆಯ ಬಟ್ಟೆಯಲ್ಲಿ ಬಿಗಿ ಇದ್ದದ್ದನ್ನು ಸಡಿಲ ಮಾಡುವುದಕ್ಕೆ ಬಟ್ಟೆ ಬೇಕು, ಸಡಿಲ ಇದ್ದದ್ದನ್ನು ಬಿಗಿ ಮಾಡುವುದಕ್ಕೆ ದಾರ ಸಾಕು. ಅನುಮಾನ ಬಂದರೆ ದೊಡ್ಡದನ್ನೇ ತೆಗೆದುಕೋ. ಭುಜ ಮಾತ್ರ ಸರಿಯಾಗಿ ಕೂರಬೇಕು. ಸೊಂಟ, ಉದ್ದ, ತೋಳು ಎಲ್ಲ ನಾನು ಸರಿ ಮಾಡಿಕೊಡುತ್ತೇನೆ, ಕೋಟಿನ ಭುಜಕ್ಕೆ ನನ್ನನ್ನು ಕೇಳಬೇಡ.

ಆಮೇಲೆ ಕಂಕುಳು. ಬೆವರು ತಿಂದ ಬಟ್ಟೆ ಅಲ್ಲಿ ಹಳದಿಯಾಗಿ ಗರಿಗರಿ ಆಗಿರುತ್ತದೆ, ರೇಷ್ಮೆಯಾದರೆ ಅಲ್ಲೇ ಮೊದಲು ಪಿಸಿಯುವುದು. ಒಗೆದರೆ ಹೋಗುತ್ತೆ ಎನ್ನುವ ಮಾತು ನಂಬಬೇಡ, ಹೋಗುವ ಹಾಗಿದ್ದರೆ ಅವರೇ ಒಗೆದಿರುತ್ತಿದ್ದರು. ಜೀನ್ಸಿಗೆ ತೊಡೆಯ ಸಂದು, ಸ್ವೆಟರಿಗೆ ಮೊಣಕೈ, ಶರಟಿಗೆ ಕಾಲರಿನ ಮಡಿಕೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸವೆದ ಜಾಗ ತಾನಾಗಿ ಕಾಣುತ್ತದೆ, ನುಸಿ ಕೊರೆದ ಸೂಜಿತೂತುಗಳೂ ಕಾಣುತ್ತವೆ. ಜಿಪ್ಪನ್ನು ಮೂರು ಸಲ ಎಳೆ. ಎಲಾಸ್ಟಿಕ್ಕನ್ನು ಹಿಗ್ಗಿಸಿ ಬಿಡು, ವಾಪಸು ಬರದಿದ್ದರೆ ಚಿಂತೆಯಿಲ್ಲ, ಅದು ಅಗ್ಗದ ರಿಪೇರಿ. ಗುಂಡಿ ಹೋಗಿದ್ದರೂ ಚಿಂತೆಯಿಲ್ಲ. ಬಟ್ಟೆಯೇ ಸತ್ತಿದ್ದರೆ ಮಾತ್ರ ಯಾವ ಟೈಲರೂ ಏನೂ ಮಾಡಲಾರ. ಲೇಬಲ್ಲಿನ ‘ಎಂ’, ‘ಎಲ್’ ನೋಡಿ ಕೊಳ್ಳಬೇಡ. ನಿನಗೆ ಚೆನ್ನಾಗಿ ಕೂರುವ ಒಂದು ಕುರ್ತಾದ ಅಳತೆಯನ್ನು ಚೀಟಿಯಲ್ಲಿ ಬರೆದಿಟ್ಟುಕೋ, ಚೀಲದಲ್ಲಿ ಒಂದು ಅಳತೆ ಟೇಪು ಇರಲಿ. ಹತ್ತು ರೂಪಾಯಿಯ ಟೇಪು ಸಾವಿರ ರೂಪಾಯಿ ಉಳಿಸುತ್ತದೆ.

ಈ ಹಳೆಯ ಬಟ್ಟೆಗಳೆಲ್ಲ ಎಲ್ಲಿಂದ ಬರುತ್ತವೆ ಎಂದು ಕೇಳಿದೆಯಲ್ಲ. ಬಹಳಷ್ಟು ನಮ್ಮ ಮನೆಗಳಿಂದಲೇ. ನಿನ್ನ ಅಮ್ಮ ಚಿಕ್ಕವಳಿದ್ದಾಗ ತಲೆಯ ಮೇಲೆ ಬುಟ್ಟಿ ಹೊತ್ತು ‘ಹಳೇ ಬಟ್ಟೆಗೆ ಪಾತ್ರೇ...’ ಎಂದು ಕೂಗಿಕೊಂಡು ಬರುತ್ತಿದ್ದ ಹೆಂಗಸರು ಈ ಬೀದಿಯಲ್ಲಿ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿದ್ದರು. ಎರಡು ಪ್ಯಾಂಟು, ಒಂದು ಸೀರೆ ಕೊಟ್ಟರೆ ಒಂದು ಸ್ಟೀಲ್ ಬಟ್ಟಲು. ಜರಿ ಇದೆಯಾ, ಹರಿದಿದೆಯಾ ಎಂದು ಅವರು ನೋಡುತ್ತಿದ್ದ ರೀತಿ ನೋಡಿಯೇ ನಾನು ಬಟ್ಟೆ ಪರೀಕ್ಷೆ ಅರ್ಧ ಕಲಿತದ್ದು. ಅವರ ಕಣ್ಣಿಗೆ ಮೋಸ ಮಾಡುವುದು ಸಾಧ್ಯವೇ ಇರಲಿಲ್ಲ. ಹಾಗೆ ಹೋದದ್ದರಲ್ಲಿ ಗಟ್ಟಿ ಇದ್ದದ್ದು ಒಗೆದು, ಇಸ್ತ್ರಿ ಆಗಿ ಸಂತೆಗೋ ಫುಟ್‌ಪಾತಿಗೋ ಬರುತ್ತದೆ, ಬೆಂಗಳೂರಿನ ಸಂಡೆ ಬಜಾರಿಗೆ ಹೋಗುತ್ತದೆ. ಮೆತ್ತನೆಯ ಹತ್ತಿ ಗ್ಯಾರೇಜಿಗೆ ಕೈ ಒರೆಸುವ ವೇಸ್ಟ್ ಆಗುತ್ತದೆ. ಉಣ್ಣೆಯಾದರೆ ಹರಿಯಾಣದ ಪಾಣಿಪತ್ ಇದೆ, ಅಲ್ಲಿ ದೇಶವಿದೇಶಗಳ ಹಳೆಯ ಉಣ್ಣೆಬಟ್ಟೆಯನ್ನು ಬಣ್ಣದ ಪ್ರಕಾರ ವಿಂಗಡಿಸಿ, ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಹೊರದೇಶದ ಹಳೆಯ ಉಡುಪನ್ನು ಹಾಗೆಯೇ ತರಿಸಿ ಇಲ್ಲಿ ಮಾರಲು ಸರ್ಕಾರದ ಪರವಾನಗಿ ಬೇಕು. ಆದ್ದರಿಂದ ‘ಇಂಪೋರ್ಟೆಡ್ ಥ್ರಿಫ್ಟ್’ ಎಂದು ಯಾರಾದರೂ ಬೆಲೆ ಏರಿಸಿದರೆ ಹುಬ್ಬೇರಿಸು.

ನಿನಗೆ ಸೆಕೆಂಡ್‌ಹ್ಯಾಂಡ್ ಎಂದು ಸಿಕ್ಕುವ ಎಷ್ಟೋ ಟೀ ಶರ್ಟು ಯಾರೂ ತೊಟ್ಟದ್ದೇ ಅಲ್ಲ. ಬೆಂಗಳೂರು, ಮೈಸೂರು ಸುತ್ತಿನ ಗಾರ್ಮೆಂಟ್ಸ್‌ಗಳಲ್ಲಿ ಉಳಿದ, ತಿರಸ್ಕೃತವಾದ ಮಾಲು. ಲೇಬಲ್ ಕತ್ತರಿಸಿರುತ್ತಾರೆ, ಎಲ್ಲೋ ಒಂದು ಹೊಲಿಗೆ ಹಾರಿರುತ್ತದೆ. ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹೊಲಿಗೆ ಹಾರಿದ ದಿನ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡ ಹುಡುಗಿ ನಿನ್ನ ವಯಸ್ಸಿನವಳೇ ಇರುತ್ತಾಳೆ.

ಬೇರೆಯವರು ತೊಟ್ಟ ಬಟ್ಟೆ ಎಂದು ಮೂಗು ಮುರಿಯುವ ನಿನ್ನ ಚಿಕ್ಕಪ್ಪನ ಮಾತಿಗೆ ಹೆಚ್ಚು ಬೆಲೆ ಕೊಡಬೇಡ. ಅವನೂ ಹುಟ್ಟಿದಾಗ ಹಳೇ ಬಟ್ಟೆಯಲ್ಲೇ ಸುತ್ತಿಸಿಕೊಂಡವನು. ನಮ್ಮಲ್ಲಿ ಹಸುಗೂಸಿಗೆ ಹೊಸ ಬಟ್ಟೆ ಹಾಕುತ್ತಿರಲಿಲ್ಲ. ನೂರು ಸಲ ಒಗೆದು ಮೆತ್ತಗಾದ ಪಂಚೆ, ವಾಯಿಲ್ ಸೀರೆಯೇ ಆಗಬೇಕು. ನಿನ್ನನ್ನು ಸುತ್ತಿದ್ದು ನನ್ನ ನೀಲಿ ವಾಯಿಲ್ ಸೀರೆಯಲ್ಲಿ. ನಮ್ಮಜ್ಜಿಗೆ ಉಟ್ಟು ಬಿಟ್ಟ ಹತ್ತಿ ಸೀರೆ ಮೈಲಿಗೆ, ಆದರೆ ರೇಷ್ಮೆ ಮಡಿಗೆ ಬರುತ್ತಿತ್ತು. ಮೈಲಿಗೆಗೂ ದುಬಾರಿ ಬಟ್ಟೆಯ ಮೇಲೆ ಸ್ವಲ್ಪ ದಾಕ್ಷಿಣ್ಯ ಅಂತ ಕಾಣುತ್ತೆ!

ಶುಚಿ ಬೇರೆ ವಿಷಯ, ಅದರಲ್ಲಿ ಸೋಮಾರಿತನ ಬೇಡ. ತಂದದ್ದನ್ನು ನಿನ್ನ ಬಟ್ಟೆಗಳ ಜೊತೆ ಸೇರಿಸಬೇಡ. ಹತ್ತಿಯನ್ನು ಬಿಸಿನೀರಿನಲ್ಲಿ ಸೋಪುಪುಡಿ ಹಾಕಿ ನೆನೆಸಿ ಒಗೆದು, ಬಿಸಿಲಿಗೆ ಹಾಕಿ, ಒಳಗೂ ಹೊರಗೂ ಕಾದ ಇಸ್ತ್ರಿ ಓಡಿಸು. ಬಿಸಿನೀರು ತಡೆಯದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಮೂಲೆಯಲ್ಲಿಡು. ಕಜ್ಜಿಹುಳ ಮನುಷ್ಯರ ಮೈ ಬಿಟ್ಟು ಅಷ್ಟು ದಿನ ಬದುಕುವುದಿಲ್ಲ. ರೇಷ್ಮೆಗೆ ಅಂಟುವಾಳಕಾಯಿ ನೊರೆ, ತಣ್ಣೀರು, ನೆರಳು. ಜರಿ ಸೀರೆಯನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡು, ನುಸಿಗುಳಿಗೆ ಜರಿಗೆ ತಾಗಬಾರದು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸು. ಒಳಬಟ್ಟೆ, ಕಾಲುಚೀಲ ಎಷ್ಟೇ ಅಗ್ಗವಾದರೂ ಹೊಸದೇ ಕೊಳ್ಳು.

ಇನ್ನೊಂದು ವಿಷಯ ಇದೆ ಪುಟ್ಟಿ. ಇದನ್ನು ಹೇಳಬೇಕೆಂದೇ ಬರೆಯಲು ಕೂತದ್ದು, ಸುತ್ತಿ ಬಳಸಿ ಈಗ ಬಂದೆ.

ನಮ್ಮ ಮನೆಯಲ್ಲಿ ಹದಿನೆಂಟು ವರ್ಷ ಪಾತ್ರೆ ತೊಳೆಯಲು ಬರುತ್ತಿದ್ದವಳಿಗೆ ನಾನು ಪ್ರತಿ ಹಬ್ಬಕ್ಕೂ ಒಂದು ಹಳೆಯ ಸೀರೆ ಕೊಡುತ್ತಿದ್ದೆ. ಹರಿದದ್ದಲ್ಲ, ಚೆನ್ನಾಗಿದ್ದದ್ದೇ. ಫಾಲ್ಸ್ ಹೊಸದಾಗಿ ಹಾಕಿ ಕೊಟ್ಟದ್ದೂ ಉಂಟು. ನನಗೆ ಒಳಗೊಳಗೇ ಹೆಮ್ಮೆ. ಆದರೆ ಅವಳು ಅವುಗಳಲ್ಲಿ ಒಂದನ್ನೂ ಉಟ್ಟದ್ದು ಕಾಣೆ. ಒಂದು ದಿನ ಕೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು, ‘ನಿಮ್ ಸೀರೆ ಉಟ್ಕಂಡು ನಮ್ ಬೀದೀಲಿ ಹೋದ್ರೆ ಇದು ಯಾರ ಮನೇದು ಅಂತ ಎಲ್ರಿಗೂ ಗೊತ್ತಾಗ್ತದೆ ಕಣಮ್ಮ’ ಎಂದಳು. ಎಲ್ಲವನ್ನೂ ಪಾತ್ರೆಯವಳಿಗೆ ಹಾಕಿ ಕೊಳದಪ್ಪಲೆ, ಬಕೆಟ್ಟು ತೆಗೆದುಕೊಂಡಿದ್ದಳು. ಯುಗಾದಿಗೆ ಕಂತಿನಲ್ಲಿ ಕೊಂಡ ಒಂದು ಹೊಸ ಸೀರೆ ಉಡುತ್ತಿದ್ದಳು. ಬಣ್ಣ ಗಾಢ, ಬಟ್ಟೆ ಸಾಧಾರಣ. ನಾನು ಅದನ್ನು ಮನಸ್ಸಿನಲ್ಲೇ ‘ರುಚಿಯಿಲ್ಲದ್ದು’ ಎಂದುಕೊಂಡಿದ್ದೆ. ಆ ದಿನದಿಂದ ಹಳೆಯ ಸೀರೆ ಕೊಡುವುದನ್ನು ನಿಲ್ಲಿಸಿ ಹಬ್ಬಕ್ಕೆ ದುಡ್ಡು ಕೊಡತೊಡಗಿದೆ. ಅಷ್ಟಾದರೂ ಮಾಡಿದೆ ಅಷ್ಟೇ.

ನಮ್ಮಂಥ ಮನೆಗಳಲ್ಲಿ ಹಳೆಯ ಬಟ್ಟೆ ಯಾವಾಗಲೂ ಇಳಿಜಾರಿನಲ್ಲೇ ಹರಿದದ್ದು. ಇದು ಬರೀ ವಾಡಿಕೆ ಎಂದುಕೊಂಡಿದ್ದೆ. ಅರವತ್ತು ದಾಟಿದ ಮೇಲೆ ಓದಿ ತಿಳಿಯಿತು, ಬರೆದಿಟ್ಟ ಕಟ್ಟಳೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಸೇವೆ ಮಾಡುವ ಶೂದ್ರನಿಗೆ ಉಳಿದ ಅನ್ನದ ಜೊತೆಗೆ ಹಳೆಯ ಬಟ್ಟೆ ಕೊಡಬೇಕೆಂದಿದೆ. ಚಂಡಾಲರು ಹೆಣದ ಬಟ್ಟೆಯನ್ನೇ ಉಡಬೇಕೆಂಬುದೂ ಅದೇ ಅಧ್ಯಾಯದಲ್ಲಿದೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರರ ಮುಂದಾಳತ್ವದಲ್ಲಿ ಆ ಪುಸ್ತಕವನ್ನು ಸುಟ್ಟರು. ಅಲ್ಲಿ ನೆರೆದಿದ್ದ ಹೆಂಗಸರಿಗೆ ಅವರು, ನೋಡಿದೊಡನೆ ಜಾತಿ ಹೇಳಿಬಿಡುವ ಹಾಗೆ ಸೀರೆ ಉಡುವುದನ್ನು ಬಿಡಿ ಎಂದರು. ನಮ್ಮ ಪಕ್ಕದ ಅಶೋಕಪುರಂನಲ್ಲಿ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮೆರವಣಿಗೆ ಹೋಗುವಾಗ ನೋಡು. ಪಟಗಳಲ್ಲಿ ಅವರು ತೊಟ್ಟ ನೀಲಿ ಕೋಟು ಎಷ್ಟು ನಿಖರವಾಗಿ ಮೈಗೆ ಕೂತಿದೆ ಎಂದು ನನ್ನ ಹೊಲಿಗೆಯ ಕಣ್ಣಿಗೆ ಮೊದಲಿಂದಲೂ ಕಾಣುತ್ತಿತ್ತು. ಅವರು ಅದನ್ನು ಏಕೆ ತೊಟ್ಟರು ಎಂಬುದು ತಡವಾಗಿ ಹೊಳೆಯಿತು.

ನೀನು ಪರರು ತೊಟ್ಟದ್ದನ್ನು ದುಡ್ಡು ಕೊಟ್ಟು, ಇಷ್ಟಪಟ್ಟು ತೊಡುತ್ತೀಯ. ಯಾರ ಮನೆಯದು, ಯಾವ ಜಾತಿಯವರದು ಎಂದು ಕೇಳುವುದಿಲ್ಲ. ನಮ್ಮ ಮನೆತನದಲ್ಲಿ ಇದು ಹೊಸದು, ನನಗೆ ಖುಷಿ. ಆದರೆ ಬೇಡವೆನ್ನಲು ಆಗದೆ ತೊಟ್ಟವರ ಮಕ್ಕಳು ನಿನ್ನ ಆಫೀಸಿನಲ್ಲೇ ಪಕ್ಕದ ಮೇಜಿನಲ್ಲಿ ಕೂತಿರಬಹುದು. ಹಬ್ಬಕ್ಕೆ ಮಾಲಿನಿಂದ ಹೊಸ ಬಟ್ಟೆ ತಂದು ತೋರಿಸಿದವಳ ಮುಂದೆ ‘ನಾನು ಹೊಸದು ಕೊಳ್ಳುವುದೇ ಇಲ್ಲ, ಭೂಮಿಗೆ ಭಾರ’ ಎಂದು ಪಾಠ ಮಾಡಬೇಡ. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಎಂದು ನೀನು ತೋರಿಸಿದ ಲೆಕ್ಕ ಸರಿಯಿರಬಹುದು. ಕಾವೇರಿ ನೀರಿಗೆ ಬಡಿದಾಡುವ ನಾಡಿನವರಿಗೆ ಅದು ಸಣ್ಣ ಲೆಕ್ಕವೂ ಅಲ್ಲ. ಅದನ್ನು ನಿನ್ನ ಕಪಾಟಿಗೆ ಮೊದಲು ಹೇಳು. ನೂರೈವತ್ತು ರೂಪಾಯಿಗೆ ಸಿಕ್ಕಿತೆಂದು ತಂದು, ಒಂದು ಸಲವೂ ತೊಡದ ಏಳು ಕುರ್ತಾ ಅಲ್ಲಿವೆ, ನಾನು ಎಣಿಸಿದ್ದೇನೆ. ಬೇರೆ ಯಾರಿಗೋ ಅವು ನಿಜವಾಗಿ ಬೇಕಿದ್ದವು.

ಚೌಕಾಸಿಯ ಮಾತು ಬಾಕಿ ಇತ್ತು. ಫುಟ್‌ಪಾತಿನ ರಾಶಿಯವಳು ನೂರಿಪ್ಪತ್ತು ಎಂದರೆ ಎಂಬತ್ತಕ್ಕೆ ಕೊಡು ಎಂದು ಕಾಲು ಗಂಟೆ ನಿಲ್ಲುತ್ತೀಯ. ಫೋನಿನಲ್ಲಿ ಅಂಥದ್ದೇ ಬಟ್ಟೆಗೆ ‘ಥ್ರಿಫ್ಟ್’ ಎಂದು ಹೆಸರಿಟ್ಟು ಒಂಬೈನೂರು ಹಾಕಿದವರಿಗೆ ಒಂದೂ ಮಾತಿಲ್ಲದೆ ಕಳಿಸುತ್ತೀಯ. ಉಲ್ಟಾ ಮಾಡು. ರಾಶಿಯವಳು ಮನೆಮನೆ ಸುತ್ತಿ, ಹೊತ್ತು, ಒಗೆದು, ಬಿಸಿಲಲ್ಲಿ ಕೂತಿದ್ದಾಳೆ, ಅವಳು ಹೇಳಿದ್ದು ಕೊಡು. ಫೋನಿನವರ ಹತ್ತಿರ ಅಂಚಿನ ಹಿಂಭಾಗದ ಫೋಟೋ ಕೇಳು.

ಆ ಸೆಮಿ ಕ್ರೇಪ್ ಸೀರೆಯನ್ನು ಎಸೆಯಬೇಡ. ಬಣ್ಣ ಚೆನ್ನಾಗಿದೆ, ಬೀಳುವ ರೀತಿಯೂ ಚೆನ್ನಾಗಿದೆ. ಸೆರಗಿಗೆ ಕುಚ್ಚು ಕಟ್ಟಿಕೊಡುತ್ತೇನೆ, ಸಿಂಥೆಟಿಕ್ ಎಂದು ತಿಳಿದು ಉಟ್ಟರೆ ಅದರಲ್ಲಿ ಅವಮಾನವಿಲ್ಲ. ಅದಕ್ಕೊಂದು ರವಿಕೆ ಬೇಕಲ್ಲ. ಮೊನ್ನೆ ಟ್ರಂಕು ತೆಗೆದು ನೋಡಿದೆ, ನಿನ್ನ ಅಮ್ಮನ ಆ ಹಸಿರು ಲಂಗ ಪಂಚೆಯಲ್ಲಿ ಸುತ್ತಿದ ಹಾಗೇ ಇದೆ. ಅಂಚಿಲ್ಲ. ಒಂದು ಮಡಿಕೆಯಲ್ಲಿ ಸ್ವಲ್ಪ ಪಿಸಿದಿದೆ, ಅದನ್ನು ತಪ್ಪಿಸಿ ಕತ್ತರಿಸಿದರೆ ಮೊಣಕೈವರೆಗಿನ ತೋಳಿನ ರವಿಕೆಗೆ ಬಟ್ಟೆ ಸಾಲುತ್ತದೆ. ಭಾನುವಾರ ಹತ್ತು ಗಂಟೆಯೊಳಗೆ ಬಾ, ಆಮೇಲೆ ನನ್ನ ಕಣ್ಣಿಗೆ ಹಜಾರದ ಬೆಳಕು ಸಾಲುವುದಿಲ್ಲ.